ದಾಟಿ ಬಂದ ಮನೆಗೆ ದಿಕ್ಕು ಯಾವುದು?

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಒಂದು ಹಣ್ಣಿನಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ಅಂಗಡಿಯವನು ಒಬ್ಬರಿಗೆ ತಮಿಳಿನಲ್ಲಿ ಬೆಲೆ ಹೇಳಿ, ಪಕ್ಕದವರ ಜತೆ ದಖನಿಯಲ್ಲಿ ಚೌಕಾಸಿ ಮಾಡಿ, ಮೂರನೆಯವರಿಗೆ ಕನ್ನಡದಲ್ಲಿ ಚಿಲ್ಲರೆ ಎಣಿಸಿಕೊಡುತ್ತಾನೆ. ಈ ದಾಟಾಟದಲ್ಲಿ ಬೆಲೆ ತಪ್ಪುವುದಿಲ್ಲ, ತೂಕ ತಪ್ಪುವುದಿಲ್ಲ. ಆದರೆ ಒಂದು ಭಾಷೆಯಲ್ಲಿ ಆಡಿದ ತಮಾಷೆ, ಗಾದೆ, ಸಲಿಗೆಯ ಮಾತು ಇನ್ನೊಂದಕ್ಕೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ. ಲೆಕ್ಕ ಸುಲಭವಾಗಿ ದಾಟುತ್ತದೆ. ಅರ್ಥ ದಾಟುವುದು ಕಷ್ಟ. 1809ರಲ್ಲಿ ಹುಟ್ಟಿ, 1949ರವರೆಗೆ ಪೇಟೆಯಿಂದ ಬೇರೆಯಾಗಿಯೇ ಆಡಳಿತ ನಡೆಸಿಕೊಂಡ ದಂಡು ಪ್ರದೇಶಕ್ಕೆ ಈ ಕಷ್ಟ ಹೊಸದೇನಲ್ಲ.

ಅದೇ ಕಷ್ಟ ಈಗ ಹಲಸೂರಿನ ಆಚೆ, ಇಂದಿರಾನಗರದ ಮಹಡಿ ಮೇಲಿನ ಕಚೇರಿಗಳಲ್ಲಿ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಭಾಷೆಯಿಂದ ಭಾಷೆಗೆ ದಾಟುವುದು ಮನುಷ್ಯರಲ್ಲ, ಮನೆಗಳು.

ಇಂದು ಮನೆ ಕಟ್ಟಿಸುವವರು ಕಾಗದದ ನಕ್ಷೆಯನ್ನಷ್ಟೇ ನೋಡಿ ಒಪ್ಪುವುದಿಲ್ಲ. ‘ತ್ರೀಡಿ ತೋರಿಸಿ’ ಎನ್ನುತ್ತಾರೆ. ಗೋಡೆಯ ಬಣ್ಣ, ಕಿಟಕಿಯ ಗಾಜು, ಅಂಗಳದ ಹುಲ್ಲು, ಮೇಲೆ ಒಂದಿಷ್ಟು ಮೋಡ, ಎಲ್ಲವೂ ಫೋಟೋದಂತೆ ಕಾಣಬೇಕು. ಆದರೆ ನಕ್ಷೆ ಬರೆಯುವ ತಂತ್ರಾಂಶ ಬೇರೆ, ಇಂಥ ಚಿತ್ರ ಮಾಡುವ ತಂತ್ರಾಂಶ ಬೇರೆ. ಆರ್ಕಿಟೆಕ್ಟರು ರೆವಿಟ್, ಆರ್ಕಿಕ್ಯಾಡ್ ಅಥವಾ ಸ್ಕೆಚ್‌ಅಪ್‌ನಲ್ಲಿ ಕಟ್ಟಿದ ಮಾದರಿಯನ್ನು ಚಿತ್ರ ಮಾಡುವವರು ತ್ರೀಡಿಎಸ್ ಮ್ಯಾಕ್ಸ್, ಬ್ಲೆಂಡರ್ ಅಥವಾ ಲ್ಯುಮಿಯನ್‌ಗೆ ತಂದುಕೊಳ್ಳಬೇಕು. ಆರ್ಕಿಟೆಕ್ಟ್ ಇಂದಿರಾನಗರದಲ್ಲಿ, ಚಿತ್ರ ಮಾಡುವ ಹುಡುಗ ಕೆ.ಆರ್. ಪುರದಲ್ಲಿ ಎಂದಿಟ್ಟುಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವೆ ‘ನಮ್ಮ ಮೆಟ್ರೊ’ ಓಡತೊಡಗಿದ ಮೇಲೆ ಮನುಷ್ಯನಿಗೇ ಇದು ದೂರದ ಹಾದಿಯಲ್ಲ. ಫೈಲಿಗಂತೂ ಕೆಲವು ಕ್ಷಣ. ಆದರೂ ಆ ಫೈಲು ಇಲ್ಲಿಂದ ಹೊರಟಂತೆಯೇ ಅಲ್ಲಿಗೆ ತಲುಪಿತೆಂದು ಹೇಳುವ ಧೈರ್ಯ ಈ ಕಸುಬಿನಲ್ಲಿ ಪಳಗಿದ ಯಾರಿಗೂ ಇಲ್ಲ.

ಏಕೆ ಎಂಬುದನ್ನು ತಿಳಿಯಬೇಕಾದರೆ ಎರಡು ತಂತ್ರಾಂಶಗಳೂ ಮನೆಯನ್ನು ಹೇಗೆ ನೋಡುತ್ತವೆ ಎಂದು ಗಮನಿಸಬೇಕು. ಆರ್ಕಿಟೆಕ್ಟರ ಕಂಪ್ಯೂಟರಿನಲ್ಲಿ ಗೋಡೆ ಎಂದರೆ ಗೋಡೆ. ಅದು ಒಂಬತ್ತು ಇಂಚಿನದೋ ನಾಲ್ಕೂವರೆ ಇಂಚಿನದೋ, ಇಟ್ಟಿಗೆಯದೋ ಕಾಂಕ್ರೀಟ್ ಬ್ಲಾಕಿನದೋ, ಯಾವ ಮಹಡಿಗೆ ಸೇರಿದ್ದು, ಅದರಲ್ಲಿ ಕೂತಿರುವ ಕಿಟಕಿ ಯಾವುದು, ಇಷ್ಟೂ ಅದಕ್ಕೆ ಗೊತ್ತು. ಕಿಟಕಿಯನ್ನು ಪಕ್ಕಕ್ಕೆ ಸರಿಸಿದರೆ ಗೋಡೆಯ ಕಿಂಡಿಯೂ ತಾನಾಗಿ ಸರಿಯುತ್ತದೆ. ಚಿತ್ರ ಮಾಡುವ ತಂತ್ರಾಂಶಕ್ಕೆ ಇವು ಯಾವುವೂ ಬೇಡ. ಅದಕ್ಕೆ ಬೇಕಾದದ್ದು ತ್ರಿಕೋನಗಳು ಮಾತ್ರ. ಜಗತ್ತಿನ ಯಾವ ಆಕಾರವನ್ನಾದರೂ ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು, ಒಂದೊಂದರ ಮೇಲೂ ಬೆಳಕು ಬಿದ್ದರೆ ಹೇಗೆ ಕಾಣುತ್ತದೆ ಎಂದು ಲೆಕ್ಕ ಹಾಕುವುದಷ್ಟೇ ಅದರ ಕೆಲಸ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ, ನಾಲ್ಕನೆಯದು ಸೇರಿದರೆ ಆ ಭರವಸೆ ಇಲ್ಲ. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಅಲುಗದೆ ನಿಲ್ಲುವುದು ಇದೇ ಕಾರಣಕ್ಕೆ. ಹೀಗಾಗಿ ದಾಟುವ ಹೊತ್ತಿಗೆ ಗೋಡೆ ಗೋಡೆಯಾಗಿ ಉಳಿಯುವುದಿಲ್ಲ, ತ್ರಿಕೋನಗಳ ರಾಶಿಯಾಗುತ್ತದೆ.

ನೇರ ಗೋಡೆಗೆ ಇದರಿಂದ ನಷ್ಟವೇನಿಲ್ಲ, ಎರಡು ತ್ರಿಕೋನ ಸಾಕು. ಕಷ್ಟ ಬರುವುದು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕದಂಥ ಕಮಾನುಗಳ ಕಟ್ಟಡಕ್ಕೆ. ತ್ರಿಕೋನಕ್ಕೆ ಬಾಗಲು ಬಾರದು, ಆದ್ದರಿಂದ ಕಮಾನು ತುಂಡು ಗೆರೆಗಳಾಗಬೇಕು. ಮೂರು ಮೀಟರ್ ತ್ರಿಜ್ಯದ ವೃತ್ತವನ್ನು 24 ತುಂಡು ಮಾಡಿದರೆ ನಿಜವಾದ ಬಾಗಿಗೂ ಗೆರೆಗೂ ನಡುವೆ ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರ್‌ನಷ್ಟು ಅಂತರ ಬೀಳುತ್ತದೆ. ಕಣ್ಣಿಗೆ ಮೂಲೆ ಮೂಲೆಯಾಗಿ ಕಾಣುತ್ತದೆ. 96 ತುಂಡು ಮಾಡಿದರೆ ಅಂತರ ಎರಡು ಮಿಲಿಮೀಟರ್‌ಗೂ ಕಡಿಮೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸ್ ‘ಪೈ’ ಬೆಲೆ ಕಂಡುಹಿಡಿಯಲು ವೃತ್ತವನ್ನು ಬಹುಭುಜವಾಗಿಸಿದ್ದೂ 96 ಬಾಹುಗಳವರೆಗೇ. ತುಂಡು ಹೆಚ್ಚಿದಷ್ಟೂ ನಯ ಹೆಚ್ಚು, ಜತೆಗೆ ಕಂಪ್ಯೂಟರಿನ ಏದುಸಿರೂ ಹೆಚ್ಚು. 1990ರಲ್ಲಿ ಬಂದ ‘ತ್ರೀಡಿ ಸ್ಟುಡಿಯೊ’ದ ಫೈಲಿನಲ್ಲಿ ಒಂದು ವಸ್ತುವಿಗೆ 65,536ಕ್ಕಿಂತ ಹೆಚ್ಚು ಬಿಂದುಗಳು ಹಿಡಿಸುತ್ತಲೇ ಇರಲಿಲ್ಲ. ಬಿಂದುಗಳ ಸಂಖ್ಯೆಯನ್ನು ಹದಿನಾರು ಬಿಟ್‌ಗಳಲ್ಲಿ ಬರೆಯುತ್ತಿದ್ದುದೇ ಅದಕ್ಕೆ ಕಾರಣ.

ಇನ್ನು ಅಳತೆಯ ಪೀಕಲಾಟ. ಬೆಂಗಳೂರಿನಲ್ಲಿ ಸೈಟು ಮೂವತ್ತು–ನಲವತ್ತು ಅಡಿ, ಮಾರಾಟ ಚದರಡಿಯಲ್ಲಿ, ಮೇಸ್ತ್ರಿಯ ಬಾಯಲ್ಲಿ ಇಂಚು, ನಕ್ಷೆಯಲ್ಲಿ ಮಿಲಿಮೀಟರ್. ಸಾಲದೆಂಬಂತೆ ರೆವಿಟ್, ಎದುರಿಗೆ ಮಿಲಿಮೀಟರ್ ತೋರಿಸಿದರೂ, ಒಳಗೊಳಗೆ ಅಡಿಯಲ್ಲೇ ಲೆಕ್ಕ ಇಟ್ಟುಕೊಳ್ಳುತ್ತದೆ. ಮೂವತ್ತು ಅಡಿ ಎಂದರೆ 9,144 ಮಿಲಿಮೀಟರ್. ಓಬಿಜೆ ಎಂಬ ಹಳೆಯ ಬಗೆಯ ಫೈಲಿನಲ್ಲಿ 9144 ಎಂಬ ಅಂಕಿ ಮಾತ್ರ ಇರುತ್ತದೆ, ಮುಂದೆ ‘ಮಿ.ಮೀ.’ ಎಂಬ ಬಾಲವಿರುವುದಿಲ್ಲ. ಓದುವ ಕಡೆ ಅದನ್ನು ಇಂಚು ಎಂದುಕೊಂಡರೆ ಸೈಟಿನ ಅಗಲ 762 ಅಡಿ! ಮೀಟರ್ ಎಂದುಕೊಂಡರೆ ಒಂಬತ್ತು ಕಿಲೋಮೀಟರ್ ದಾಟುತ್ತದೆ. ಒಂದು ತುದಿ ಹಲಸೂರು ಕೆರೆಯ ಬಳಿ ಇದ್ದರೆ ಇನ್ನೊಂದು ಕೆ.ಆರ್. ಪುರದಲ್ಲಿ. ಸೈಟಿನ ಬೆಲೆ ಗೊತ್ತಿರುವವರು ನಗಬೇಕೋ ಅಳಬೇಕೋ!

ಮತ್ತೊಂದು ತಮಾಷೆ ಮಲಗುವ ಮನೆಯದು. ‘ಮಲಗುವ ಮನೆ’ ಎಂದರೆ ಬೆಡ್‌ರೂಮ್ ಅಲ್ಲ, ಇಡೀ ಮನೆಯೇ ಮಲಗುವುದು. ನಕ್ಷೆ ಬರೆಯುವವರು ಕಾಗದವನ್ನು ಮೇಜಿನ ಮೇಲೆ ಹಾಸಿ ಬೆಳೆದವರು. ಅವರಿಗೆ ಎಕ್ಸ್, ವೈ ಎರಡೂ ನೆಲದ ಮೇಲೆ, ಎತ್ತರ ಎಂದರೆ ಝಡ್. ಕಂಪ್ಯೂಟರ್ ಆಟಗಳ ಲೋಕದವರು ನಿಂತ ಪರದೆಯನ್ನು ನೋಡಿ ಬೆಳೆದವರು. ಪರದೆಯಲ್ಲಿ ಮೇಲಕ್ಕೆ ಹೋಗುವುದು ವೈ. ಎರಡೂ ಅವರವರ ಮಟ್ಟಿಗೆ ಸರಿ. ಆದರೆ ಒಬ್ಬರ ಮನೆ ಇನ್ನೊಬ್ಬರಲ್ಲಿಗೆ ಬಂದಾಗ, ಹೊಂದಿಸುವುದನ್ನು ಮರೆತರೆ, ಅಂಗಾತ ಮಲಗಿರುತ್ತದೆ. ‘ಮೇಡಂ, ನಿಮ್ಮ ಬಿಲ್ಡಿಂಗ್ ಮಲಗಿಬಿಟ್ಟಿದೆ’ ಎಂದು ಹುಡುಗ ಫೋನು ಮಾಡುತ್ತಾನೆ. ‘ಎಬ್ಬಿಸಿ ನಿಲ್ಲಿಸಪ್ಪ, ಸಾಯಂಕಾಲ ಓನರ್ ಬರ್ತಾರೆ’ ಎಂದು ಅತ್ತಲಿಂದ ಉತ್ತರ.

ನಡುಗುವ ಮನೆಯೂ ಉಂಟು. ಸರ್ವೆಯವರ ಲೆಕ್ಕದಲ್ಲಿ ಸ್ಥಳವನ್ನು ಭೂಮಧ್ಯರೇಖೆಯಿಂದ ಎಣಿಸಿಕೊಂಡು ಬರುವ ಪದ್ಧತಿಯಿದೆ. ಹಾಗೆ ಎಣಿಸಿದರೆ ಬೆಂಗಳೂರು ಸುಮಾರು 14 ಲಕ್ಷ 35 ಸಾವಿರ ಮೀಟರ್ ಉತ್ತರಕ್ಕಿದೆ. ನಕ್ಷೆಯ ತಂತ್ರಾಂಶಗಳು 64 ಬಿಟ್‌ಗಳಲ್ಲಿ ಲೆಕ್ಕ ಮಾಡುವುದರಿಂದ ಇಷ್ಟು ದೊಡ್ಡ ಸಂಖ್ಯೆ ಅವಕ್ಕೆ ಭಾರವಲ್ಲ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಸಾಮಾನ್ಯವಾಗಿ 32 ಬಿಟ್‌ಗಳದು. ಅದರ ಹಿಡಿತಕ್ಕೆ ಸಿಗುವುದು ಏಳು ಅಂಕಿಗಳಷ್ಟೇ. ಅಷ್ಟು ದೊಡ್ಡ ಸಂಖ್ಯೆಯ ಬಳಿ ಅದು ಗುರುತಿಸಬಲ್ಲ ಅತಿ ಸಣ್ಣ ಅಂತರ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ನಾಲ್ಕೂವರೆ ಇಂಚಿನ ಗೋಡೆಯ ದಪ್ಪಕ್ಕಿಂತ ಹೆಚ್ಚು! ಬಾಗಿಲು ಚೌಕಟ್ಟಿಗೆ ಅಂಟುವುದಿಲ್ಲ, ಗೋಡೆಯ ಅಂಚುಗಳು ನಡುಗುತ್ತವೆ. ಮನೆಯನ್ನು ಭೂಮಧ್ಯರೇಖೆಯಿಂದ ಬಿಡಿಸಿ, ಸೈಟಿನ ಒಂದು ಮೂಲೆಯನ್ನೇ ಸೊನ್ನೆ ಎಂದು ಹಿಡಿದರೆ ನಡುಕ ನಿಲ್ಲುತ್ತದೆ.

ಇಂಥ ತಾಪತ್ರಯ ತಪ್ಪಿಸಲು ಪ್ರಯತ್ನಗಳು ನಡೆಯದೆ ಇಲ್ಲ. 1982ರಲ್ಲಿ ಆಟೊಕ್ಯಾಡ್ ಜತೆಗೇ ಬಂದ ಡಿಎಕ್ಸ್‌ಎಫ್ ಗೆರೆಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಲು ಹುಟ್ಟಿದ್ದು. 1990ರ ದಶಕದಲ್ಲಿ ಐಎಫ್‌ಸಿ ಎಂಬ ಸಾಮಾನ್ಯ ಭಾಷೆ ರೂಪುಗೊಂಡಿತು. ಗೋಡೆಯನ್ನು ಗೋಡೆಯೆಂದೇ, ಕಿಟಕಿಯನ್ನು ಕಿಟಕಿಯೆಂದೇ ದಾಟಿಸಬೇಕೆಂಬುದು ಅದರ ಹಂಬಲ. 2013ರಲ್ಲಿ ಅದು ಪೂರ್ಣ ಅಂತರರಾಷ್ಟ್ರೀಯ ಮಾನಕವೂ ಆಯಿತು. 2015ರಲ್ಲಿ ಬಂದ ಜಿಎಲ್‌ಟಿಎಫ್ ಅಳತೆಯ ಜಗಳವನ್ನೇ ಮುಗಿಸಿತು: ಅದರಲ್ಲಿ ದೂರವೆಲ್ಲ ಮೀಟರ್‌ನಲ್ಲೇ, ಎತ್ತರ ಯಾವಾಗಲೂ ವೈ. ಆದರೂ ಹಳೆಯ ಭಾಷೆಗಳು ಸತ್ತಿಲ್ಲ. ಒಂದೇ ಮನೆಯೊಳಗಿನ ಎರಡು ಆವೃತ್ತಿಗಳೂ ಜಗಳಾಡುತ್ತವೆ. 2006ರಲ್ಲಿ ಏರ್‌ಬಸ್ ಎ380 ವಿಮಾನದ ವೈರುಗಳು ಜರ್ಮನಿಯ ಹ್ಯಾಂಬರ್ಗ್‌ನಿಂದ ಫ್ರಾನ್ಸಿನ ಟುಲೂಸ್‌ಗೆ ಬಂದಾಗ ಉದ್ದ ಸಾಲಲಿಲ್ಲ. ಒಂದು ಕಡೆಯವರು ಕಟಿಯ ತಂತ್ರಾಂಶದ ನಾಲ್ಕನೆಯ ಆವೃತ್ತಿಯಲ್ಲೂ ಇನ್ನೊಂದು ಕಡೆಯವರು ಐದನೆಯದರಲ್ಲೂ ಕೆಲಸ ಮಾಡಿದ್ದುದು ಇದಕ್ಕೆ ಮುಖ್ಯ ಕಾರಣ. ವಿಮಾನಗಳು ಗ್ರಾಹಕರ ಕೈ ಸೇರುವುದು ಎರಡು ವರ್ಷದಷ್ಟು ತಡವಾಯಿತು.

ತಿರುಗಿ ಬರುವ ದಾರಿ ಇನ್ನೂ ದುರ್ಗಮ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ 2010ರ ದಶಕದಲ್ಲಿ ಹಂಪಿಯ ಸ್ಮಾರಕಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಯೋಜನೆ ನಡೆಯಿತು. ಅಲ್ಲಿ ಕಲ್ಲೇ ಮೊದಲು, ನಕ್ಷೆ ಆಮೇಲೆ. ಲೇಸರ್ ಕಿರಣ ಕಂಬವನ್ನು ಸವರಿದರೆ ಸಿಗುವುದು ಲಕ್ಷಾಂತರ ಬಿಂದುಗಳು. ಇದು ಕಂಬ, ಇದು ಬೋದಿಗೆ, ಇದು ತೊಲೆ ಎಂದು ಯಂತ್ರಕ್ಕೆ ಯಾರಾದರೂ ಬಲ್ಲವರು ಹೇಳಿಕೊಡಬೇಕು. ಹಿಟ್ಟನ್ನು ಮತ್ತೆ ರಾಗಿ ಮಾಡಲಾಗದು ಎನ್ನುವಂತೆ, ತ್ರಿಕೋನಗಳ ರಾಶಿಯಿಂದ ಗೋಡೆಯ ಅರ್ಥವನ್ನು ಮರಳಿ ಪಡೆಯುವುದು ಸುಲಭವಲ್ಲ.

ಈವರೆಗಿನ ಅವಾಂತರಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಮಲಗಿದ ಮನೆ, ನಡುಗುವ ಗೋಡೆ, ಒಂಬತ್ತು ಕಿಲೋಮೀಟರಿನ ಸೈಟು ಕಣ್ಣಿಗೆ ಹೊಡೆದಂತೆ ಕಾಣುತ್ತವೆ, ಕಂಡ ತಪ್ಪನ್ನು ತಿದ್ದಬಹುದು. ಭಯಪಡಬೇಕಾದದ್ದು ಕಾಣದೆ ಉದುರುವ ಸಂಗತಿಗಳಿಗೆ. ಅವುಗಳಲ್ಲಿ ಮೊದಲನೆಯದು ದಿಕ್ಕು.

ಹಲಸೂರಿನ ಒಂದು ಗಲ್ಲಿಯಲ್ಲಿ ಪಡುವಣಕ್ಕೆ ಮುಖ ಮಾಡಿದ ಹಳೆಯ ಹೆಂಚಿನ ಮನೆ. ಯಜಮಾನರು ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯನ್ನು ಕೆಡವಿ, ಕೆಳಗೆ ತಾವು, ಮೇಲೆ ಮಗನ ಸಂಸಾರ ಎಂದು ಎರಡು ಅಂತಸ್ತು ಕಟ್ಟಿಸುವ ಯೋಚನೆ. ನಿವೃತ್ತಿಯ ಹಣದ ಬಹುಪಾಲು ಅದಕ್ಕೇ. ಕಂಪ್ಯೂಟರಿನ ಪರದೆಯ ಮೇಲೆ ಹೊಸ ಮನೆಯ ಚಿತ್ರ ಬಂತು. ಡಿಸೆಂಬರ್ ತಿಂಗಳ ಬೆಳಗಿನ ಎಂಟು ಗಂಟೆಯ ಎಳೆಬಿಸಿಲು ಮುಂಬಾಗಿಲ ಜಗುಲಿಯ ಮೇಲೂ ತುಳಸಿಕಟ್ಟೆಯ ಮೇಲೂ ಚೆಲ್ಲಿತ್ತು. ಯಜಮಾನರು ಮೆಚ್ಚಿ ತಲೆದೂಗಿದರು. ಅವರ ಹೆಂಡತಿ ಮಾತ್ರ ಕನ್ನಡಕ ಸರಿಪಡಿಸಿಕೊಂಡು, ‘ಇದು ನಮ್ಮ ಮನೆ ಅಲ್ಲ ಕಣಮ್ಮ’ ಎಂದರು.

‘ನಿಮ್ಮದೇ ಆಂಟಿ, ನೋಡಿ, ಅದೇ ಗೇಟು.’

‘ಗೇಟು ಅದೇ. ಬಿಸಿಲು ಅದಲ್ಲ. ಈ ಬಾಗಿಲಿಗೆ ಬೆಳಗಿನ ಬಿಸಿಲು ನಾನು ಮದುವೆಯಾಗಿ ಬಂದಾಗಿನಿಂದ ಬಿದ್ದಿಲ್ಲ. ಸಂಡಿಗೆ ಒಣಗಿಸೋಕೆ ಹಿತ್ತಲಿಗೇ ಹೋಗ್ತಿದ್ದೆ. ಇಲ್ಲಿ ಹೊಡೆಯೋದು ಸಂಜೆ ಬಿಸಿಲು, ಕಣ್ಣು ಬಿಡೋಕಾಗಲ್ಲ.’

ಸುಳ್ಳು ಹೇಳಿದವರು ಯಾರೂ ಇಲ್ಲ. ನಕ್ಷೆ ಬರೆಯುವಾಗ ರಸ್ತೆ ಕಾಗದದ ಕೆಳಗಿರಲಿ ಎಂದು ಮನೆಯನ್ನು ತಿರುಗಿಸಿಕೊಳ್ಳುವುದು ರೂಢಿ. ನಿಜವಾದ ಉತ್ತರ ಯಾವ ಕಡೆ ಎಂಬುದನ್ನು ನಕ್ಷೆಯ ತಂತ್ರಾಂಶ ಬೇರೆಯಾಗಿ ಬರೆದಿಟ್ಟುಕೊಂಡಿರುತ್ತದೆ. ಫೈಲು ದಾಟುವಾಗ ಗೋಡೆಗಳು ಬಂದವು, ಗೇಟು ಬಂತು, ಆ ಒಂದು ಟಿಪ್ಪಣಿ ಬರಲಿಲ್ಲ. ಆಚೆಯ ತಂತ್ರಾಂಶ ಕಾಗದದ ಮೇಲ್ತುದಿಯನ್ನೇ ಉತ್ತರವೆಂದು ನಂಬಿತು. ಪಡುವಣ ಬಾಗಿಲು ತೆಂಕಣ ಬಾಗಿಲಾಯಿತು, ಡಿಸೆಂಬರಿನ ಆಗ್ನೇಯದ ಸೂರ್ಯ ಜಗುಲಿಯನ್ನು ಬೆಳಗಿದ. ದಿಕ್ಕು ಸರಿಪಡಿಸಿದ ಮೇಲೆ ಚಿತ್ರದ ಚೆಲುವು ತುಸು ಕುಂದಿತು, ಆದರೆ ಜಗುಲಿಗೆ ಪಡುವಣ ಬಿಸಿಲನ್ನು ತಡೆಯುವ ಅಗಲವಾದ ಸಜ್ಜ ಬೇಕೆಂಬುದು ಎಲ್ಲರಿಗೂ ತಿಳಿಯಿತು. ತುಳಸಿಕಟ್ಟೆ ಹಿತ್ತಲಿಗೆ ಹೋಯಿತು.

ಆ ಹೆಂಗಸಿಗೆ ತಮ್ಮ ಮನೆಯ ಬಿಸಿಲು ಗೊತ್ತಿತ್ತು. ಹಳೆ ಮದ್ರಾಸ್ ರಸ್ತೆಯ ಪಕ್ಕದ ಜಾಹೀರಾತು ಫಲಕದಲ್ಲಿ ಇನ್ನೂ ಕಟ್ಟದ ಅಪಾರ್ಟ್‌ಮೆಂಟಿನ ಚಿತ್ರ ನೋಡಿ ಮುಂಗಡ ಕೊಡುವವರಿಗೆ ಅಂಥ ಆಧಾರ ಎಲ್ಲಿಂದ ಬರಬೇಕು? ಅವರು ಬ್ಯಾಂಕಿನಿಂದ ಇಪ್ಪತ್ತು ವರ್ಷದ ಸಾಲ ಎತ್ತುವುದು ಚಿತ್ರದಲ್ಲಿರುವ ಬಾಲ್ಕನಿಗೆ. ಚಿತ್ರದಲ್ಲಿ ಹೊಂಗೆಯ ಬದಲು ತಂತ್ರಾಂಶದ ಜತೆಗೇ ಬಂದ ಮೇಪಲ್ ಮರ ನಿಂತಿರುತ್ತದೆ, ಟ್ರಾನ್ಸ್‌ಫಾರ್ಮರ್ ಮಾಯವಾಗಿರುತ್ತದೆ. ಅದನ್ನಾದರೂ ಅಲಂಕಾರವೆಂದು ಬಿಡಬಹುದು. ಆದರೆ ‘ಈ ಕಿಟಕಿ ಸ್ವಲ್ಪ ದೊಡ್ಡದಿರಲಿ’ ಎಂದು ಯಾರೋ ಹೇಳಿದಾಗ ಹುಡುಗ ಅದನ್ನು ಚಿತ್ರದಲ್ಲಿ ದೊಡ್ಡದು ಮಾಡುತ್ತಾನೆ. ಆ ಸುದ್ದಿ ನಕ್ಷೆಗೆ ಹಿಂದಿರುಗುವುದೇ ಇಲ್ಲ. ಅಲ್ಲಿಂದ ಮುಂದೆ ಎರಡು ಕಟ್ಟಡಗಳು ಬೆಳೆಯುತ್ತವೆ. ಒಂದು ಮಂಜೂರಾದ ನಕ್ಷೆಯಲ್ಲಿ, ಇನ್ನೊಂದು ಮಾರಾಟದ ಚಿತ್ರದಲ್ಲಿ. ಸಾಲ ತೀರಿಸುವವನು ಎರಡನೆಯದನ್ನು ಕೊಂಡು ಮೊದಲನೆಯದರಲ್ಲಿ ವಾಸ ಮಾಡುತ್ತಾನೆ.

ಕಾನೂನು ಇದನ್ನು ಗಮನಿಸಿದೆ. ‘ರೇರಾ’ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೆಯ ಕಲಮಿನ ಪ್ರಕಾರ, ಜಾಹೀರಾತು, ವಿವರಪತ್ರಿಕೆ ಅಥವಾ ಮಾದರಿ ಮನೆಯಲ್ಲಿದ್ದ ತಪ್ಪು ಮಾಹಿತಿಯನ್ನು ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರಿಗೆ ಕಟ್ಟುವವರು ಪರಿಹಾರ ಕೊಡಬೇಕು. 14ನೆಯ ಕಲಮು ಮಂಜೂರಾದ ನಕ್ಷೆಯಂತೆಯೇ ಕಟ್ಟಬೇಕೆನ್ನುತ್ತದೆ; ಇಡೀ ಕಟ್ಟಡದ ವಿನ್ಯಾಸ ಬದಲಿಸಬೇಕಾದರೆ ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಬೇಕು. ತಪ್ಪು ಬುದ್ಧಿಪೂರ್ವಕವೋ, ಫೈಲು ದಾಟುವಾಗ ಉದುರಿದ್ದೋ ಎಂಬುದು ಕೊಂಡವನ ಚಿಂತೆಯಲ್ಲ. ಅವನ ಪಾಲಿಗೆ ಎರಡೂ ಒಂದೇ.

ಹಾಗಾದರೆ ದಾರಿ? ಅದನ್ನು ಇದೇ ಬೆಂಗಳೂರಿನ ನೆಲದಲ್ಲಿ ತೋರಿಸಿಕೊಟ್ಟು ಇನ್ನೂರು ವರ್ಷ ದಾಟಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಏಳೂವರೆ ಮೈಲಿಯ ಒಂದು ನೇರ ಗೆರೆಯನ್ನು ಸರಪಳಿ ಹಿಡಿದು ಅಳೆದ. ಅಲ್ಲಿಂದ ಬರೀ ಕೋನಗಳನ್ನು ನೋಡುತ್ತ, ತ್ರಿಕೋನಕ್ಕೆ ತ್ರಿಕೋನ ಪೋಣಿಸುತ್ತ ಬೆಟ್ಟದಿಂದ ಬೆಟ್ಟಕ್ಕೆ ಲೆಕ್ಕವನ್ನು ದಾಟಿಸಿಕೊಂಡು ಬಂದ. ಅವನ ಬಂಡವಾಳವೂ ತ್ರಿಕೋನಗಳೇ. ಆದರೆ ದಾಟಿಸಿದ್ದೇ ಸಾಕೆಂದು ಅವನು ಕೈತೊಳೆದುಕೊಳ್ಳಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಗೆರೆಯನ್ನು ಅವನ ತಂಡ ಮತ್ತೆ ಸರಪಳಿ ಹಿಡಿದು ಅಳೆದು, ಮದ್ರಾಸಿನಿಂದ ಬಂದ ಲೆಕ್ಕದೊಂದಿಗೆ ತಾಳೆ ನೋಡಿತು. ಏಳು ಮೈಲಿ ಮೀರಿದ ಉದ್ದದಲ್ಲಿ ವ್ಯತ್ಯಾಸ ನಾಲ್ಕು ಅಂಗುಲದೊಳಗೇ ಇತ್ತು. ಆಮೇಲಷ್ಟೇ ಆ ಲೆಕ್ಕದ ಮೇಲೆ ಭಾರ ಹಾಕಿದರು.

ಮನೆಯ ಫೈಲಿಗೂ ಈ ಶಿಸ್ತೇ ಮದ್ದು. ಅದಕ್ಕೆ ಬೇಕಾದದ್ದು ಹತ್ತು ನಿಮಿಷ. ಆಚೆಯ ತಂತ್ರಾಂಶದಲ್ಲಿ ಒಂದು ಬಾಗಿಲಿನ ಎತ್ತರ ಅಳೆಯಬೇಕು, ಏಳು ಅಡಿ ಇದೆಯೇ? ಸೈಟಿನ ಅಗಲ ಅಳೆಯಬೇಕು. ಸ್ಥಳ ಬೆಂಗಳೂರೆಂದು ಕೊಟ್ಟು, ಏಪ್ರಿಲ್ 24ರ ಮಧ್ಯಾಹ್ನ 12 ಗಂಟೆ 17 ನಿಮಿಷಕ್ಕೆ ಸೂರ್ಯನನ್ನು ನಿಲ್ಲಿಸಬೇಕು. ಅದು ಈ ಊರಿನ ಶೂನ್ಯ ನೆರಳಿನ ದಿನ. ನೇರ ನಿಂತ ಕಂಬಕ್ಕೆ ನೆರಳಿರಬಾರದು. ಇದ್ದರೆ ಊರು ತಪ್ಪಿದೆ, ಇಲ್ಲವೇ ಮನೆ ವಾಲಿದೆ. ಕೊನೆಗೆ ಮಾರ್ಚ್ 21ರ ಸೂರ್ಯೋದಯಕ್ಕೆ ತಿರುಗಿಸಿ, ಬೆಳಕು ನಕ್ಷೆಯಲ್ಲಿ ಮೂಡಣವೆಂದು ಬರೆದಿರುವ ಕಡೆಯಿಂದಲೇ ಬರುತ್ತಿದೆಯೇ ಎಂದು ನೋಡಬೇಕು. ಚಿತ್ರದಲ್ಲಿ ಏನಾದರೂ ಬದಲಿಸಿದರೆ ಅದನ್ನು ಒಂದು ಹಾಳೆಯಲ್ಲಿ ಬರೆದು ನಕ್ಷೆಯವರಿಗೆ ಕಳಿಸಬೇಕು.

ಕೊಳ್ಳುವವರ ಪಾಲಿಗೂ ಒಂದು ಕೆಲಸವಿದೆ. ಚಿತ್ರವನ್ನು ಮೆಚ್ಚುವುದಕ್ಕೆ ಮೊದಲು ಮಂಜೂರಾದ ನಕ್ಷೆಯನ್ನು ಪಕ್ಕದಲ್ಲಿ ಹಿಡಿದು, ‘ಇದರಲ್ಲಿ ಉತ್ತರ ಯಾವ ಕಡೆ?’ ಎಂದು ಕೇಳಬೇಕು. ಉತ್ತರ ಹೇಳಲು ಎದುರಿನವರು ತಡವರಿಸಿದರೆ ಚೆಕ್ ಪುಸ್ತಕವನ್ನು ಆ ದಿನ ಜೇಬಿನಲ್ಲೇ ಉಳಿಸಿಕೊಳ್ಳುವುದು ಲೇಸು.